ತಲೆ ಹಿಡಿದ ಕೈ ನನ್ನದು

ನಾನು ಶಾಲೆ ಬಿಟ್ಟದ್ದು ೧೯೮೩ರಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ. ಫೇಲಾಗಿ ಬಿಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶಾಲೆ ಬಿಟ್ಟವ ಅಂದ ಕೂಡಲೇ ಜನ ಒಂದು ನಮೂನೆ ತಲೆ ಆಡಿಸುತ್ತಾರೆ. ಆ ಮಳೆಗಾಲದಲ್ಲಿ ಅಬ್ಬಿ ಸತ್ತಳು. ಅಬ್ಬಿ ಎಂದರೆ ನಮ್ಮ ಕಡೆ ತಾಯಿ. ‘ಸತ್ತಳು’ ಎಂದು ಬರೆಯಬೇಡ, ‘ತೀರಿಕೊಂಡರು’ ಎಂದು ಬರಿ ಎಂದು ನನ್ನ ತಮ್ಮ ಹೇಳುತ್ತಾನೆ. ಅವನು ಕಾಲೇಜಿನಲ್ಲಿ ಪಾಠ ಮಾಡುವವ, ಅವನಿಗೆ ಹಾಗೆಲ್ಲ ಬರೆಯಬಹುದು. ನಾನು ಕಂಡದ್ದು ಸತ್ತದ್ದನ್ನು. ನಾಲ್ಕು ದಿವಸ ಜ್ವರ, ಐದನೇ ದಿವಸ ಬೆಳಿಗ್ಗೆ ಇಲ್ಲ. ಮನೆಯಲ್ಲಿ ಒಂದೂವರೆ ವರ್ಷದ ತಮ್ಮ ಸುಧಾಕರ, ಆರು ವರ್ಷದ ತಂಗಿ ಗಿರಿಜ, ದೋಣಿಗೆ ಹೋಗುವ ಅಪ್ಪಯ್ಯ. ಗಂಜಿ ಬೇಯಿಸುವವರು ಯಾರು? ನಾನು ಬೇಯಿಸಿದೆ. ಮಗುವನ್ನು ಮೀಯಿಸುವವರು ಯಾರು? ನಾನು ಮೀಯಿಸಿದೆ. ಶಾಲೆ ಅಲ್ಲಿಗೆ ಮುಗಿಯಿತು.

ಆಮೇಲೆ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರ ಹತ್ತಿರ ಸೇರಿದೆ. ಮರ ಹಿಡಿದೆ, ಉಳಿ ಹಿಡಿದೆ, ಮರದ ಕಾಲ ಮುಗಿದು ಫೈಬರ್ ಬಂದಾಗ ಅದನ್ನೂ ಕಲಿತೆ. ಈಗ ಹೊಳೆಯ ದಡದಲ್ಲಿ ನನ್ನದೇ ಶೆಡ್ಡಿದೆ. ಗಂಗೊಳ್ಳಿಯಿಂದ ಮಲ್ಪೆಯವರೆಗೆ ಯಾವ ಬಂದರಿಗೆ ಹೋದರೂ ನನ್ನ ಕೈಯಲ್ಲಿ ಎದ್ದ ದೋಣಿ ಒಂದಾದರೂ ಕಾಣುತ್ತದೆ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ ನಾನು. ಇದನ್ನು ಅಹಂಕಾರ ಎನ್ನುವವರು ಎನ್ನಲಿ.

ಈ ಸಲ ಮೊದಲ ಮಳೆ ಬಿದ್ದ ವಾರ ತೆಕ್ಕಟ್ಟೆಯ ಗಿರಾಕಿಯೊಬ್ಬರು ದೋಣಿಯ ಕೆಲಸಕ್ಕೆ ಬಂದವರು, “ನಿಮ್ದ್ ಫೋಟೋ ಪುಸ್ತಕ ಬಂದಿತ್ತಂಬ್ರಲೆ, ಒಂದ್ ಕೊಡಿ ಕಾಂಬ” ಎಂದರು. ಕಪಾಟಿನಲ್ಲಿದ್ದ ಪುಸ್ತಕದ ಕಟ್ಟಿನ ಹಗ್ಗ ಕತ್ತರಿಸಿದೆ. ಪ್ರೆಸ್ಸಿನ ಮಸಿಯ ವಾಸನೆ, ಅದರ ಮೇಲೆ ಮಳೆಗಾಲದ ಮುಗ್ಗುಲು ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಕಳೆದ ವರ್ಷದ ಮಳೆಗಾಲ ಪೂರ್ತಿ ಎದ್ದು ಬಂದು ಎದುರು ನಿಂತಿತು. ಸಿಟ್ಟೂ ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಹತ್ತಿರ ಒಂದು ತಗಡಿನ ಪೆಟ್ಟಿಗೆ ತುಂಬ ಫೋಟೋಗಳಿದ್ದವು. ಬೊಂಬಾಯಿಯಿಂದ ಊರಿಗೆ ವಾಪಸಾದವನೊಬ್ಬನಿಂದ ಹಳೆಯ ಕ್ಯಾಮೆರಾ ಕೊಂಡಿದ್ದೆ. ಸಂಬಳ ಕೈಗೆ ಬಂದ ಕಾಲದಿಂದ ಮೊಬೈಲ್ ಬರುವವರೆಗೆ ಅದರಲ್ಲೇ ತೆಗೆದದ್ದು. ಕಟ್ಟಿದ ಪ್ರತಿ ದೋಣಿಯನ್ನೂ ನೀರಿಗೆ ಇಳಿಸುವ ಮೊದಲು ತೆಗೆಯುತ್ತಿದ್ದೆ, ಮಾಲೀಕರ ಮನೆಯವರು ಅದರ ಪಕ್ಕದಲ್ಲಿ ಸಾಲಾಗಿ ನಿಂತು, ಹೆಂಗಸರು ತಲೆಗೆ ಮಲ್ಲಿಗೆ ಮುಡಿದು. ಗಿರಿಜಳ ಮದುವೆ. ಸುಧಾಕರ ಪ್ರತಿ ಜೂನಿನಲ್ಲಿ ಹೊಸ ಅಂಗಿ ಹಾಕಿ ಶಾಲೆಗೆ ಹೊರಟದ್ದು, ಒಂದು ವರ್ಷವೂ ತಪ್ಪದೆ. ಅಪ್ಪಯ್ಯ ಬಲೆ ಹೆಣೆಯುತ್ತ ಕ್ಯಾಮೆರಾ ಕಂಡು ಬೈದದ್ದು, ಬಾಯಿ ತೆರೆದೇ ಇದೆ. ಎಲ್ಲದರ ಕೆಳಗೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ನಾನು ತೆಗೆಯದ ಒಂದು ಫೋಟೋ. ಅಬ್ಬಿಯದ್ದು.

ಅದರ ವಿಷಯ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ.

ಆಗ ನಮ್ಮಂಥವರ ಮನೆಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸುವ ಕ್ರಮ ಇರಲಿಲ್ಲ. ಬೆಳಿಗ್ಗೆ ಎದ್ದರೆ ಮೀನು, ಮಲಗಿದರೆ ಮೀನು. ಸ್ಟುಡಿಯೋಕ್ಕೆ ಹೋಗಲು ಯಾರಿಗೆ ಪುರುಸೊತ್ತು? ಸತ್ತ ಮೇಲೆ ಒಂದು ತೆಗೆಸುತ್ತಿದ್ದರು. ಹೆಣವನ್ನು ಮೀಯಿಸಿ, ಒಳ್ಳೆಯ ಸೀರೆ ಉಡಿಸಿ, ಕುರ್ಚಿಯಲ್ಲಿ ಕುಳ್ಳಿರಿಸಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ. ಅಬ್ಬಿ ಮುತ್ತೈದೆಯಾಗಿ ಹೋದವಳು. ಹಸಿರು ಸೀರೆ ಉಡಿಸಿದರು, ಹಣೆಗೆ ದೊಡ್ಡ ಕುಂಕುಮ ಇಟ್ಟರು, ಕೈತುಂಬ ಬಳೆ ತೊಡಿಸಿದರು, ತಲೆತುಂಬ ಮಲ್ಲಿಗೆ ಮುಡಿಸಿದರು. ಬದುಕಿದ್ದಾಗ ಅಷ್ಟು ಮಲ್ಲಿಗೆ ಅವಳು ಮುಡಿದದ್ದನ್ನು ನಾನು ಕಂಡಿರಲಿಲ್ಲ. ಬ್ರಹ್ಮಾವರದಿಂದ ಫೋಟೋ ತೆಗೆಯುವವನು ಸೈಕಲ್ಲಿನಲ್ಲಿ ಬಂದ. ಮಳೆ ಸುರಿಯುತ್ತಿತ್ತು. ಒಳಗೆ ಕತ್ತಲೆ ಎಂದು ಕುರ್ಚಿಯನ್ನು ಜಗಲಿಗೆ ತಂದರು. ಗಲ್ಲಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದ ಕೂಡಲೇ ತಲೆ ಎದೆಯ ಮೇಲೆ ಬಿತ್ತು. ಅಪ್ಪಯ್ಯ ನನ್ನ ಕಡೆ ತಿರುಗಿ, “ಹಿಡಿ, ಗಡ” ಎಂದರು, ಹಿಡಿಯೋ ಹುಡುಗಾ ಎಂದು. ಅಷ್ಟೇ. ನಾನು ಕುರ್ಚಿಯ ಹಿಂದೆ ನಿಂತು ಎಡಗೈಯನ್ನು ಅವಳ ತುರುಬಿನ ಕೆಳಗೆ ಕೊಟ್ಟು ತಲೆಯನ್ನು ನೇರ ಮಾಡಿ ಹಿಡಿದೆ. ಕೂದಲು ಒದ್ದೆ ಇತ್ತು. ತಲೆ ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಫೋಟೋದವನು “ಅಳ್ಬೇಡಿ, ಎಲ್ಲಾ ಇಲ್ಲ್ ಕಾಣಿ” ಎಂದ. ಅಳಲಿಲ್ಲ, ಕಂಡೆವು. ಸುಧಾಕರ ಮಾತ್ರ ಅಪ್ಪಯ್ಯನ ಸೊಂಟದ ಮೇಲಿಂದ ಆಚೆ ಯಾರದೋ ಕೊಡೆಯನ್ನು ನೋಡುತ್ತಿದ್ದ.

ಫೋಟೋದಲ್ಲಿ ಅಬ್ಬಿಯ ಕಿವಿಯ ಪಕ್ಕ, ಮಲ್ಲಿಗೆಯ ಕೆಳಗಿನಿಂದ, ನನ್ನ ನಾಲ್ಕು ಬೆರಳು ಕಾಣುತ್ತವೆ. ಅಬ್ಬಿಗಾಗಿ ನಾನು ಕೊನೆಯದಾಗಿ ಮಾಡಿದ ಕೆಲಸ ಅದು. ಅದಕ್ಕಿರುವ ಸಾಕ್ಷಿ ಆ ನಾಲ್ಕು ಬೆರಳು.

ಕಳೆದ ವರ್ಷ ಮೇ ಕೊನೆಗೆ ಪೆಟ್ಟಿಗೆ ತೆಗೆದಾಗ ಫೋಟೋಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಆಗಿದ್ದವು. ಕಡಲ ಗಾಳಿಗೆ ಕಬ್ಬಿಣವೇ ಉಳಿಯುವುದಿಲ್ಲ, ಕಾಗದ ಉಳಿಯುತ್ತದೆಯೇ? ಗಿರಿಜಳ ಮದುವೆಯ ಎರಡು ಫೋಟೋ ಬಿಡಿಸಲು ಹೋದೆ. ಮದುಮಗಳ ಮುಖ ಎದ್ದು ಹೋಗಿ ಪುರೋಹಿತರ ಹೊಟ್ಟೆಗೆ ಅಂಟಿತು. ನನ್ನ ಹೆಂಡತಿ ಜಲಜ, “ಇನ್ನ್ ಎರಡ್ ಮಳೆಗಾಲ ಕಳೀಲಿ, ಪೆಟ್ಟಿಗೆ ಸಮೇತ ಹೊಳಿಗೆ ಬಿಡುಕಾತ್ತ್” ಎಂದಳು. ಸುಧಾಕರನಿಗೆ ಫೋನು ಮಾಡಿದೆ. ಅವನೇ ಹೇಳಿದ್ದು: “ಅಣ್ಣ, ಪುಸ್ತಕ ಮಾಡುವ. ಒಳ್ಳೆ ಕಾಗ್ದದಲ್ಲಿ ಪ್ರಿಂಟ್ ಮಾಡ್ಸುವ. ನಿನ್ನ ಹೆಸ್ರಲ್ಲೇ.”

ನನ್ನ ಹೆಸರಿನಲ್ಲಿ ಪುಸ್ತಕ. ಏಳನೇ ಕ್ಲಾಸಿಗೆ ಬಿಟ್ಟವನ ಹೆಸರಿನಲ್ಲಿ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ. ಫೋಟೋಗಳನ್ನು ಸ್ಕ್ಯಾನ್ ಮಾಡಿ, ಪುಟ ಕಟ್ಟಿ, ಪ್ರೆಸ್ಸಿಗೆ ಕಳಿಸುವವರು. ಅಲ್ಲಿ ಕಂಪ್ಯೂಟರಿನಲ್ಲಿ ಕೂತವಳು ಸೌಮ್ಯ. ಕೊಕ್ಕರ್ಣೆಯವಳು, ಗದ್ದೆ ಇರುವ ಮನೆಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಕೆಲಸ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೊದಲ ದಿನವೇ “ಬನ್ನಿ ಅಂಕಲ್, ಕೂಕಣಿ” ಎಂದಳು.

“ಅಂಕಲ್ ಅಂದ್ರೆ ಎಂತ? ಮಾವ ಅನ್, ಅಣ್ಣ ಅನ್.”

“ಮಾವ ಅಂದ್ರೆ ಮದ್ವಿ ಮಾಡ್ಸ್ತ್ರಾ?”

“ನಿನ್ನ ಬಾಯಿ ಕಂಡ್ರೆ ಯಾವ ಗಂಡೂ ಸಿಕ್ಕುದಿಲ್ಲೆ, ಹೆಣೆ.” ಹೆಣೆ ಎಂದರೆ ನಮ್ಮಲ್ಲಿ ಹುಡುಗಿ.

“ಹಂಗಾರೆ ಅಂಕಲ್ಲೇ ಅಡ್ಡಿಲ್ಲೆ” ಎಂದು ನಕ್ಕಳು.

ಜೂನ್ ಜುಲೈ ಎಂದರೆ ಕಡಲಿಗೆ ಇಳಿಯುವಂತಿಲ್ಲ, ಬೋಟುಗಳೆಲ್ಲ ದಡದಲ್ಲಿ. ಬೇರೆಯವರಿಗೆ ರಜೆ, ನನಗೆ ತಲೆ ತುರಿಸಲೂ ಬಿಡುವಿಲ್ಲದ ಕಾಲ. ಒಂದರ ಹಿಂದೆ ಒಂದು ದೋಣಿಯನ್ನು ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. ಅಡಿ ಕೆರೆಯಬೇಕು, ಒಡೆದಲ್ಲಿ ಗ್ರೈಂಡರ್ ಹಿಡಿಯಬೇಕು, ಫೈಬರ್ ಹಾಸಿ ರೆಸಿನ್ ಎಂಬ ಅಂಟು ಬಳಿಯಬೇಕು. ಮಳೆಯ ತೇವಕ್ಕೆ ರೆಸಿನ್ ಹಿಡಿಯುವುದಿಲ್ಲ. ಟಾರ್ಪಾಲು ಕಟ್ಟಿ, ಒಳಗೆ ದೊಡ್ಡ ಬಲ್ಬು ಹಚ್ಚಿ, ಕೋಳಿಮೊಟ್ಟೆಗೆ ಕಾವು ಕೊಟ್ಟ ಹಾಗೆ ಕಾವು ಕೊಡಬೇಕು. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಅಕ್ಕಿಚೀಲದ ಪ್ಲಾಸ್ಟಿಕ್ಕಿನಲ್ಲಿ ಫೋಟೋ ಸುತ್ತಿ, ಸ್ಕೂಟರಿನಲ್ಲಿ ಕುಂದಾಪುರಕ್ಕೆ ಹೋಗುತ್ತಿದ್ದೆ. ಹೈವೇಯಲ್ಲಿ ಲಾರಿಗಳು ಹಾರಿಸಿದ ಕೆಸರು ನೀರು ಮೈಮೇಲೆ. ಆದರೂ ಆ ತಿಂಗಳು ಚೆನ್ನಾಗಿತ್ತು. ಒಂದೊಂದು ಫೋಟೋ ತೆರೆಯ ಮೇಲೆ ದೊಡ್ಡದಾಗಿ ಬರುವಾಗ ನಾನು ಕತೆ ಹೇಳುತ್ತಿದ್ದೆ. ಸೌಮ್ಯ ಕೇಳುತ್ತಲೇ ಕಲೆ ತೆಗೆಯುತ್ತಿದ್ದಳು, ಹರಿದದ್ದನ್ನು ಸೇರಿಸುತ್ತಿದ್ದಳು. ಗಿರಿಜಳ ಮುಖವನ್ನು ಪುರೋಹಿತರ ಹೊಟ್ಟೆಯಿಂದ ಬಿಡಿಸಿ ವಾಪಸು ಅವಳ ಕುತ್ತಿಗೆಯ ಮೇಲೆ ಕೂರಿಸಿದಳು. ಭಲೇ ಎಂದೆ. ಅದೇ ತಪ್ಪಾಯಿತೋ ಏನೋ. ಎಲ್ಲವನ್ನೂ ಹಾಗೆಯೇ ಸರಿ ಮಾಡಬೇಕು ಎಂದು ಅವಳು ತಿಳಿದಳು.

ಅಬ್ಬಿಯ ಫೋಟೋವನ್ನು ಕೊನೆಗೆ ಕೊಟ್ಟೆ. ಪುಸ್ತಕದ ಮೊದಲ ಪುಟಕ್ಕೆ ಎಂದೆ. ಬೇರೆ ಏನೂ ಹೇಳಲಿಲ್ಲ. ಆ ದಿನ ಕರೆಂಟು ಹೋಗಿತ್ತು, ಅಂಗಡಿಯಲ್ಲಿ ಜನವಿತ್ತು. ಮತ್ತೆ ಅದರಲ್ಲಿ ಹೇಳುವುದೇನಿದೆ? ನೋಡಿದರೆ ತಿಳಿಯುತ್ತದೆ ಎಂದು ನಾನು ತಿಳಿದೆ.

ಎರಡು ದಿನ ಬಿಟ್ಟು, ಮಧ್ಯಾಹ್ನ, ನಾನು ಕೈತುಂಬ ರೆಸಿನ್ ಮೆತ್ತಿಕೊಂಡು ದೋಣಿಯ ಅಡಿಯಲ್ಲಿದ್ದೆ. ಜಲಜ ಕೊಡೆ ಹಿಡಿದು ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬಂದಳು.

“ಹ್ವಾಯ್, ಹೊರ್ಗ್ ಬನ್ನಿ. ಅತ್ತೆ ಕಣ್ ಬಿಟ್ಟಿರ್.”

“ಯಾವ ಅತ್ತೆ?”

“ನಿಮ್ಮ ಅಬ್ಬಿ. ಕಾಣಿ ಇಲ್ಲ್.”

ಮನೆಯವರ ಗ್ರೂಪಿನಲ್ಲಿ ಸುಧಾಕರ ಹಾಕಿದ ಫೋಟೋ. ಪುಟ ಸರಿ ಉಂಟೋ ನೋಡಲು ಸೌಮ್ಯ ಅವನಿಗೆ ಕಳಿಸಿದ್ದು. ಅದೇ ಜಗಲಿ, ಅದೇ ಕುರ್ಚಿ, ಅದೇ ಹಸಿರು ಸೀರೆ. ಬಣ್ಣ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ. ನಡುವೆ ಅಬ್ಬಿ, ಎರಡೂ ಕಣ್ಣು ಅಗಲ ತೆರೆದು, ತುಟಿಯ ತುದಿಯಲ್ಲಿ ಸಣ್ಣ ನಗು. ಸೋಪಿನ ಜಾಹೀರಾತಿನ ಹೆಂಗಸಿನ ಕಣ್ಣು. ಕೆಳಗೆ ಎಲ್ಲರೂ ಕೈಮುಗಿದ, ಅಳುವ ಚಿತ್ರಗಳನ್ನು ಒತ್ತಿದ್ದರು. ಬೈಂದೂರಿನಿಂದ ಗಿರಿಜ ಮಾತಾಡಿ ಕಳಿಸಿದ್ದಳು, ಅಳುತ್ತ: “ಅಣ್ಣಾ, ಅಬ್ಬಿ ನಮ್ಮನ್ನೇ ಕಾಣ್ತಾ ಇದ್ಲ್. ಎಷ್ಟ್ ಚೆಂದ ಇದ್ಲ್ ಮಾರಾಯಾ!”

ನಾನು ರೆಸಿನ್ ಮೆತ್ತಿದ ಬೆರಳಿನಲ್ಲೇ ಫೋಟೋವನ್ನು ದೊಡ್ಡದು ಮಾಡಿದೆ. ಕಿವಿಯ ಪಕ್ಕ ನೋಡಿದೆ. ಅಲ್ಲಿ ಮಲ್ಲಿಗೆ ಇತ್ತು, ಒಳ್ಳೆ ದಟ್ಟ ಮಲ್ಲಿಗೆ. ನನ್ನ ಬೆರಳುಗಳಿರಲಿಲ್ಲ.

ಹಾಗೆಯೇ ಸ್ಕೂಟರ್ ಹತ್ತಿದೆ. ಅಂಗಿಯೂ ಬದಲಿಸಲಿಲ್ಲ. ಜಲಜ ಹಿಂದಿನಿಂದ ಕೂಗುತ್ತಿದ್ದಳು, ಕೇಳಲಿಲ್ಲ. ಅಂಗಡಿಗೆ ಹೋಗಿ ನಿಂತಾಗ ಮೈಯಿಂದ ನೀರು ಇಳಿದು ನೆಲ ಕೆರೆಯಾಯಿತು.

“ಹೆಣೆ, ನಿಂಗೆ ಮಂಡೆ ಸಮ ಇತ್ತಾ? ಎಂತ ಮಾಡಿಟ್ಟೆ ನೀನ್?”

ಸೌಮ್ಯ ಹೆದರಲಿಲ್ಲ. “ಎಂತ ಆಯ್ತ್ ಅಂಕಲ್? ಅಮ್ಮಂದ್ ಕಣ್ ಮುಚ್ಚಿ ಹೋಯಿತ್ತ್. ಫೋಟೋ ತೆಗುವತ್ತಿಗೆ ರೆಪ್ಪೆ ಹೊಡ್ದಿರ್ ಅಂದೇಳಿ ಸರಿ ಮಾಡ್ದೆ. ಈಗ ಎಲ್ಲರೂ ಹಾಂಗೇ ಮಾಡ್ಸುದ್.”

“ರೆಪ್ಪೆ ಹೊಡ್ದದ್ದಲ್ಲ. ಸತ್ತದ್ದ್.”

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಸೌಮ್ಯ ಕುರ್ಚಿಯಿಂದ ಎದ್ದಳು. ಒಮ್ಮೆ ತೆರೆಯನ್ನು, ಒಮ್ಮೆ ನನ್ನನ್ನು ನೋಡಿದಳು.

“ಕುರ್ಚಿ ಮೇಲ್ ಕೂಕಂಡಿದ್ರಲೆ...”

“ಕೂರ್ಸದ್ದ್. ತಲಿ ಹಿಡ್ಕಂಡ್ ಕೂರ್ಸದ್ದ್. ಹಿಡ್ದ ಕೈ ಎಲ್ಲ್?”

“ಹಿಂದೆ ಯಾರ್ದೋ ಕೈ ಬಂದಿತ್ತ್. ಚೆಂದ ಕಾಂಬುದಿಲ್ಲೆ ಅಂದೇಳಿ ತೆಗ್ದೆ.”

“ಯಾರ್ದೋ ಅಲ್ಲ. ನನ್ನ ಕೈ ಅದ್!”

ಆ ಅಂಗಡಿಯ ಮೇಜಿನ ಮೇಲೆ ಕೈ ಬಡಿದೆ, ರೆಸಿನ್ ಅಂಟಿತು. ಇವತ್ತಿಗೂ ಆ ಮೇಜಿನ ಮೇಲೆ ನನ್ನ ಅಂಗೈ ಇದೆ, ಬೇಕಾದರೆ ಹೋಗಿ ನೋಡಿ. ಹುಡುಗಿಯ ಕಣ್ಣಲ್ಲಿ ನೀರು ಬಂತು, ಆದರೆ ಬಾಯಿ ನಿಲ್ಲಲಿಲ್ಲ. “ನೀವ್ ಒಂದ್ ಮಾತ್ ಹೇಳುಕಾಯಿತ್ತಲೆ ಅಂಕಲ್. ಕುಂಕುಮ, ಬಳಿ, ಹೂಗು, ಇಷ್ಟೆಲ್ಲ ಇದ್ರೆ ನಂಗ್ ಹ್ಯಾಂಗ್ ಗೊತ್ತಾಪ್ದ್?” ಎಂದಳು. ಹೇಗೆ ಗೊತ್ತಾಗಬೇಕು? ಅವಳು ಹುಟ್ಟುವ ಹೊತ್ತಿಗೆ ಮನೆಮನೆಯಲ್ಲಿ ಆಲ್ಬಂ, ಈಗ ಕೂತರೂ ಫೋಟೋ, ಎದ್ದರೂ ಫೋಟೋ. ಒಬ್ಬ ಹೆಂಗಸಿಗೆ ಇಡೀ ಜೀವಮಾನದಲ್ಲಿ ಒಂದೇ ಫೋಟೋ, ಅದೂ ಜೀವ ಹೋದ ಮೇಲೆ ಎಂದರೆ ಅವಳ ತಲೆಗೆ ಹೊಳೆಯುವುದಾದರೂ ಹೇಗೆ? ಇದು ಈಗ ಯೋಚಿಸುವ ಮಾತು. ಆಗ ಯೋಚಿಸಲಿಲ್ಲ. “ಪ್ರೆಸ್ಸಿಗೆ ಹೋಪ್ದ್ ಬ್ಯಾಡ, ಎಲ್ಲ ನಿಲ್ಸ್” ಎಂದು ಕೂಗಿ, ಅಲ್ಲಿಂದ ನೇರ ಬ್ರಹ್ಮಾವರಕ್ಕೆ, ಸುಧಾಕರನ ಮನೆಗೆ ಹೋದೆ.

ಅವನು ಸೋಫಾದ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಅದರ ಮುಖಪುಟದಲ್ಲೂ ಅದೇ ಫೋಟೋ.

“ಅಣ್ಣ, ಕೂಕೋ ಮೊದ್ಲ್. ಮೈಯೆಲ್ಲ ನೀರ್.”

“ಕೂಕಂಬುಕ್ ಬಂದದ್ದಲ್ಲ. ಆ ಫೋಟೋ ತೆಗಿ ಗ್ರೂಪಿಂದ.”

“ಎಂತಕ್ಕೆ?”

“ಅದ್ ಅಬ್ಬಿ ಅಲ್ಲ.”

“ಮತ್ತ್ ಯಾರ್?”

“ಯಾರೋ. ಅಬ್ಬಿ ಸೀರಿ ಉಟ್ಕಂಡ್ ಕೂಕಂಡದ್ದ್.”

ಸುಧಾಕರ ದೊಡ್ಡ ಸ್ವರದಲ್ಲಿ ಮಾತಾಡುವವನಲ್ಲ. ಸಣ್ಣದಿರುವಾಗಲೂ ಹಟ ಬಂದರೆ ಅಳುತ್ತಿರಲಿಲ್ಲ, ಉಣ್ಣುವುದನ್ನು ಬಿಡುತ್ತಿದ್ದ. ಈಗಲೂ ಹಾಗೆಯೇ, ತಣ್ಣಗೆ ಹೇಳಿದ: “ನಿಂಗ್ ಹನ್ನೆರಡ್ ವರ್ಷ ಅಬ್ಬಿ ಇದ್ಲ್ ಅಣ್ಣ. ನಂಗ್ ಈ ಒಂದ್ ಫೋಟೋ. ನಲ್ವತ್ತ್ ವರ್ಷ ಮುಚ್ಚಿದ್ ಕಣ್ಣೇ ಕಂಡೆ. ಒಂದ್ ಸಲ ತೆರ್ದ್ ಕಂಡ್ಲ್, ಸಾಕ್ ನಂಗೆ.”

“ಅಬ್ಬಿ ಕಂಡದ್ದಲ್ಲ. ಕಂಪ್ಯೂಟರ್ ಕಂಡದ್ದ್.”

“ಇರ್ಲಿ. ನಂಗ್ ಮತ್ತ್ ಎಂತ ಸಿಕ್ತ್, ಹೇಳ್?”

“ನಾ ಸಿಕ್ಕಿದೆ ಗಡ ನಿಂಗೆ!”

ಇಡೀ ಮನೆ ಕೇಳುವ ಹಾಗೆ ಕೂಗಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನ ಕುಂಡೆ ತೊಳೆದವ ನಾನು, ಕೆಮ್ಮು ಬಂದರೆ ಎದೆಗೆ ಎಣ್ಣೆ ತಿಕ್ಕಿದವ ನಾನು, ಅಂಗಿಗೆ ಗುಂಡಿ ಹೊಲಿದವ ನಾನು. ಅದೆಲ್ಲ ಬಾಯಿಗೆ ಬಂತು, ಹೇಳಲಿಲ್ಲ. ಹೇಳಿದರೆ ಲೆಕ್ಕ ಒಪ್ಪಿಸಿದ ಹಾಗೆ ಆಗುತ್ತದೆ. ಸುಧಾಕರ ತಲೆ ತಗ್ಗಿಸಿದ.

“ನೀ ಸಿಕ್ಕಿದೆ, ಇಲ್ಲೆ ಅಂತ ನಾ ಹೇಳ್ಲಿಲ್ಲೆ” ಎಂದ. ಮತ್ತೆ ಕೇಳಿದ, “ಹಂಗಾರೆ ನೀನೇ ಹೇಳ್. ಈ ಕಣ್ ಸುಳ್ಳ್ ಅಂತಿಯಲೆ. ಅಬ್ಬಿ ಕಣ್ ಹ್ಯಾಂಗ್ ಇದ್ದಿತ್ತ್?”

ಬಾಯಿ ತೆರೆದೆ. ಕೈ ನೆನಪಿತ್ತು, ಕಾಲಿನ ಒಡಕು ನೆನಪಿತ್ತು, ಸ್ವರ ನೆನಪಿತ್ತು, ಸೆರಗಿನ ಮೀನಿನ ವಾಸನೆ ನೆನಪಿತ್ತು. ಕಣ್ಣು ಎಂದು ಹುಡುಕಿದರೆ ಎದುರು ಬಂದು ನಿಂತದ್ದು ಆ ಸೋಪಿನ ಜಾಹೀರಾತಿನ ಕಣ್ಣು. ತಳ್ಳಿದೆ, ಮತ್ತೆ ಬಂತು. ತಮ್ಮ ಕಾಯುತ್ತಿದ್ದ. ಅವನ ಹೆಂಡತಿ ಚಾ ತಂದಿಟ್ಟಳು. ನಾನು ಕುಡಿಯದೆ ಎದ್ದು ಬಂದೆ.

ನನ್ನ ಸಿಟ್ಟಿನ ಬುಡ ಇದು. ಕೈ ಅಳಿಸಿದ್ದನ್ನು ವಾಪಸು ಬರೆಯಬಹುದು, ಮೂಲ ಫೋಟೋ ಇದೆ. ಆದರೆ ನನ್ನ ತಲೆಯೊಳಗೆ ಬಂದು ಕೂತದ್ದನ್ನು ಯಾರು ತೆಗೆಯುತ್ತಾರೆ? ಕೇಳದೆ ಕಳಿಸಿದರು, ಕೇಳದೆ ತೋರಿಸಿದರು, ಎಲ್ಲರೂ ಚೆಂದ ಎಂದರು. ಚೆಂದವಂತೆ! ಚೆಂದಕ್ಕೆ ಅಲ್ಲ ಅಬ್ಬಿ ಇದ್ದದ್ದು. ಈ ಮೊಬೈಲು ಹಿಡಿದವರಿಗೆ ಯಾವುದನ್ನೂ ಇದ್ದ ಹಾಗೆ ಬಿಡಲು ಬರುವುದಿಲ್ಲ. ಮುದುಕರನ್ನು ಎಳಸು ಮಾಡುತ್ತಾರೆ, ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುತ್ತಾರೆ, ಸತ್ತವರನ್ನು ನಗಿಸುತ್ತಾರೆ. ನಾಳೆ ಮಾತನ್ನೂ ಆಡಿಸುತ್ತಾರೆ. ಆಗ ಅಬ್ಬಿ ಕುಂದಾಪ್ರ ಕನ್ನಡ ಆಡುತ್ತಾಳೋ ಟಿವಿ ಕನ್ನಡ ಆಡುತ್ತಾಳೋ ಯಾರಿಗೆ ಗೊತ್ತು.

ಆಮೇಲಿನ ವಾರ ಶೆಡ್ಡಿನಲ್ಲಿ ಯಾರೂ ನನ್ನ ಹತ್ತಿರ ಬರಲಿಲ್ಲ. ಕೆಲಸದವರು ನಾನು ಒಂದು ದೋಣಿಯ ಹತ್ತಿರ ಹೋದರೆ ಇನ್ನೊಂದಕ್ಕೆ ಜಾರುತ್ತಿದ್ದರು. ಜಲಜ ಒಂದು ದಿನ ಊಟ ಬಡಿಸುತ್ತ, “ನಿಮ್ಮ ಸಿಟ್ಟ್ ಒಲಿ ಅಡಿಗ್ ಹಾಕ್ರೆ ಈ ತಿಂಗ್ಳ್ ಗ್ಯಾಸೇ ಬ್ಯಾಡ” ಎಂದಳು. ನಗು ಬರಲಿಲ್ಲ. ಸೌಮ್ಯ ಫೋನು ಮಾಡಿ, “ಅಂಕಲ್, ಪ್ರೆಸ್ಸಿನವ್ರ್ ಕೇಂತಾ ಇದ್ರ್” ಎಂದಳು. ಕಾಯಲಿ ಎಂದೆ. ಸುಧಾಕರ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಆ ಎರಡು ಕಣ್ಣು.

ಮಳೆ ಜೋರಿದ್ದ ಒಂದು ಬೆಳಿಗ್ಗೆ ದೊಡ್ಡ ದೋಣಿಯೊಂದರ ಅಡಿ ಕೆರೆಯುತ್ತಿದ್ದೆ. ಕವುಚಿ ಮಲಗಿಸದೆ ಮರದ ದಿಮ್ಮಿಯ ಮೇಲೆ ನಿಲ್ಲಿಸಿದ ದೋಣಿ. ಒಳಗೆ ನಿಂತ ಹಳೆ ನೀರು ಬಿರುಕಿನಿಂದ ತೊಟ್ಟಿಕ್ಕುತ್ತಿತ್ತು. ಮೀನಿನ ನಂಜು ಸೇರಿದ ಕರಿ ನೀರು. ಅದು ನನ್ನ ನೆತ್ತಿಯ ಮೇಲೆ ಬಿದ್ದು, ಹಣೆಯ ಮೇಲೆ ಹರಿದು, ಎಡಗಣ್ಣಿಗೆ ಇಳಿಯಿತು. ಉರಿಯಿತು. ಎರಡೂ ಕೈಯಲ್ಲಿ ಕೆಲಸ ಇತ್ತು, ಒರೆಸಲು ಆಗಲಿಲ್ಲ. ಎಡಗಣ್ಣನ್ನು ಅರ್ಧ ಮುಚ್ಚಿಕೊಂಡು ತಲೆ ಎತ್ತಿದೆ.

ಅಬ್ಬಿ ಹೀಗೆಯೇ ನೋಡುತ್ತಿದ್ದಳು.

ತಲೆಯ ಮೇಲೆ ಮೀನಿನ ಬುಟ್ಟಿ. ಬಂಗಡೆಯ ನೀರು ಬುಟ್ಟಿಯಿಂದ ಸೋರಿ ಅವಳ ಹಣೆಯ ಎಡಬದಿಯಲ್ಲಿ ಇಳಿಯುತ್ತಿತ್ತು. ಒಂದು ಕೈ ಬುಟ್ಟಿಗೆ, ಇನ್ನೊಂದು ಕೈಯಲ್ಲಿ ತೆಂಗಿನ ಗರಿಯ ಕಟ್ಟು. ಒರೆಸಲು ಕೈಯೇ ಇರಲಿಲ್ಲ. ರಜೆಯ ದಿನ ನಾನು ಜೊತೆಗೆ ಹೋಗುತ್ತಿದ್ದೆ. ತೆಕ್ಕಟ್ಟೆಯ ಮನೆಗಳ ಅಂಗಳದಲ್ಲಿ ನಿಂತು, ಎಡಗಣ್ಣನ್ನು ಅರ್ಧ ಮುಚ್ಚಿ, ಮೇಲೆ ಜಗಲಿಯಲ್ಲಿ ನಿಂತವರನ್ನು ನೋಡಿ ಕ್ರಯ ಹೇಳುತ್ತಿದ್ದಳು. ಒಂದು ಮನೆಯ ಹೆಂಗಸು ಯಾವಾಗಲೂ, “ಎಂತದೆ, ನಂಗೇ ಕಣ್ ಹೊಡಿತ್ಯಲೆ?” ಎಂದು ತಮಾಷೆ ಮಾಡುವುದು. “ನಿಂಗ್ ಹೊಡ್ದ್ ಎಂತ ಸಿಕ್ಕುದೆ? ನಿನ್ನ ಗಂಡನ ಕರಿ” ಎನ್ನುತ್ತಿದ್ದಳು ಅಬ್ಬಿ. ಬುಟ್ಟಿ ಇಳಿಸಿದ ಮೇಲೂ, ಮನೆಗೆ ಬಂದ ಮೇಲೂ ಆ ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ರೂಢಿಯಾಗಿ ಹೋಗಿತ್ತು. ಎರಡೂ ಕಣ್ಣು ಅಗಲ ಬಿಟ್ಟು ಅವಳು ನನ್ನನ್ನು ನೋಡಿದ್ದೇ ಇಲ್ಲ.

ದೋಣಿಯ ಅಡಿಯಲ್ಲಿ ಹಾಗೆಯೇ ನಿಂತೆ. ನೀರು ಬೀಳುತ್ತಲೇ ಇತ್ತು. ಸರಿಯಲಿಲ್ಲ.

ಸಂಜೆ ಕುಂದಾಪುರಕ್ಕೆ ಹೋದೆ. ಸೌಮ್ಯ ನನ್ನನ್ನು ಕಂಡು ಮೇಜಿನ ಮೇಲಿದ್ದ ಚಾದ ಲೋಟವನ್ನು ಬದಿಗೆ ಸರಿಸಿದಳು, ಬಡಿಯುತ್ತೇನೆ ಎಂದು ತಿಳಿದಿರಬೇಕು. ಮೂಲ ಫೋಟೋ ಇದ್ದ ಹಾಗೆಯೇ ಹಾಕಬೇಕು ಎಂದೆ. ಹಳದಿ ಕಲೆ, ಮೂಲೆಯ ಹರಿದ ಗುರುತು, ಮುಚ್ಚಿದ ಕಣ್ಣು, ನನ್ನ ಬೆರಳು, ಎಲ್ಲ.

“ಆ ಕಲಿ ಆದ್ರೂ ತೆಗಿಲಾ?”

“ಮುಟ್ಬ್ಯಾಡ.”

“ಆಯ್ತ್ ಮಾರಾಯ್ರೆ. ಕೆಳ್ಗ್ ಎಂತ ಬರುದ್?”

ನಾನು ಹೇಳಿದೆ, ಅವಳು ಒತ್ತಿದಳು. “ಅಬ್ಬಿ. ಸತ್ತ ದಿನ ತೆಗೆದದ್ದು. ಇದು ಬಿಟ್ಟರೆ ಅವಳ ಫೋಟೋ ಇಲ್ಲ. ತಲೆ ಹಿಡಿದ ಕೈ ನನ್ನದು. ಬದುಕಿದ್ದಾಗ ಮೀನಿನ ಬುಟ್ಟಿ ಹೊತ್ತು, ಎಡಗಣ್ಣನ್ನು ಅರ್ಧ ಮುಚ್ಚಿ ನೋಡುತ್ತಿದ್ದಳು.” ಒತ್ತಿದ್ದನ್ನು ಅವಳು ಮತ್ತೊಮ್ಮೆ ಓದಿದಳು. ಆಮೇಲೆ, “ಈ ಪುಟ ಸುಧಾಕರ ಸರ್‌ಗೆ ಕಳ್ಸ್ಲಾ?” ಎಂದು ಕೇಳಿದಳು. ಕಳಿಸು ಎಂದೆ.

ನಾನು ಮನೆ ತಲುಪುವಷ್ಟರಲ್ಲಿ ಅವನ ಫೋನು ಬಂತು.

“ಎಡಗಣ್ಣಾ ಬಲಗಣ್ಣಾ? ಸಮ ನೆನಪಿತ್ತಾ?”

“ಎಡ.”

“ನಂಗೂ ಓದುವತ್ತಿಗೆ ಎಡಗಣ್ಣೇ ಸಣ್ಣ ಆತ್ತ್ ಅಂದೇಳಿ ಇವ್ಳ್ ಹೇಳ್ತಳ್” ಎಂದ.

“ಕನ್ನಡಕ ಬದ್ಲ್ ಮಾಡ್” ಎಂದು ಇಟ್ಟುಬಿಟ್ಟೆ. ನನಗೆ ಸಿಟ್ಟು ಆರಿರಲಿಲ್ಲ. ಆರಬೇಕು ಎಂದು ಯಾವ ಕಾನೂನು ಇದೆ?

ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಪುಸ್ತಕ ಬಂತು. ದೊಡ್ಡ ಸಮಾರಂಭ ಮಾಡಲಿಲ್ಲ, ಮನೆಯವರು, ಶೆಡ್ಡಿನವರು, ನಾಲ್ಕು ಹಳೆ ಗಿರಾಕಿಗಳು. ಕೋಳಿ, ರೊಟ್ಟಿ ಮಾಡಿಸಿದ್ದೆ. ದೋಣಿಯ ಫೋಟೋಗಳಲ್ಲಿ ಜನ ತಮ್ಮ ತಮ್ಮ ಅಪ್ಪಂದಿರನ್ನು ಹುಡುಕಿ ಕೂಗಿದರು. ಮೊದಲ ಪುಟ ಬಂದಾಗ ಮಾತ್ರ ಬೇಗ ಮಗುಚಿದರು. “ಒಳ್ಳೆ ಪುಸ್ತಕದಲ್ಲಿ ಹೆಣದ ಫೋಟೋ ಎಂತಕ್ಕೆ ಹಾಕ್ದ, ಅದೂ ಮೊದ್ಲಿಗೇ?” ಎಂದು ಸಂಬಂಧಿಕರೊಬ್ಬರು ಜಲಜಳ ಹತ್ತಿರ ಕೇಳಿದರಂತೆ. ನನ್ನ ಹತ್ತಿರ ಕೇಳುವ ಧೈರ್ಯ ಇರಲಿಲ್ಲ. ಗಿರಿಜ ಬೈಂದೂರಿಗೆ ಒಯ್ದ ಪ್ರತಿಯಲ್ಲಿ ಆ ಫೋಟೋದ ಮೇಲೆ ಕಣ್ಣು ತೆರೆದ ಫೋಟೋವನ್ನು ಅಂಟಿಸಿದ್ದಾಳೆ. ಹೋದಾಗ ಕಂಡೆ, ಅಂಚು ಕೂಡ ಸರಿಯಾಗಿ ಕತ್ತರಿಸಿಲ್ಲ. ಸುಧಾಕರನ ಮನೆಯ ಚಾವಡಿಯಲ್ಲಿ ಅದೇ ಫೋಟೋ ದೊಡ್ಡ ಚೌಕಟ್ಟು ಹಾಕಿ, ಮಾಲೆ ಹಾಕಿ ನಿಂತಿದೆ. ಅಲ್ಲಿಗೆ ಹೋದರೆ ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ. ಅವನು ನಾನು ಕೂರುವ ಕುರ್ಚಿಯನ್ನು ಮೊದಲೇ ಆ ಕಡೆ ತಿರುಗಿಸಿ ಇಡುತ್ತಾನೆ. ಇಬ್ಬರೂ ಆ ವಿಷಯ ಎತ್ತುವುದಿಲ್ಲ.

ಮಗುಚುವವರು ಮಗುಚಲಿ, ಅಂಟಿಸುವವರು ಅಂಟಿಸಲಿ. ಅಚ್ಚಾದದ್ದು ಅಚ್ಚಾಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಶೆಡ್ಡು, ಅದರಲ್ಲಿ ಸದ್ಯ ಮೂರು ದೋಣಿ. ಕೆಲಸದವರು ಒಂಬತ್ತು ಜನ. ಒಬ್ಬ ಹೆಂಡತಿ. ಒಬ್ಬ ತಮ್ಮ, ಒಬ್ಬ ತಂಗಿ. ಕಪಾಟಿನಲ್ಲಿ ಒಂದು ಕಟ್ಟು ಪುಸ್ತಕ, ಅದರಲ್ಲಿ ಒಂದು ತೆಕ್ಕಟ್ಟೆಗೆ ಹೋಯಿತು. ಅಬ್ಬಿಯ ಫೋಟೋ ಒಂದು, ಮೂಲದ್ದು. ಅಬ್ಬಿಯ ಕಣ್ಣು ಒಂದು, ಎಡಗಡೆಯದ್ದು, ಅರ್ಧ ಮುಚ್ಚಿದ್ದು. ಬಲಗಣ್ಣು ಇನ್ನೂ ನೆನಪಾಗಿಲ್ಲ.